ತೂತು

ಸುಣ್ಣ ಮೂರು ಪಾಲು, ರಂಜಕ ಎರಡು.
"ಹನಿ ಹನಿ ಬಿಡು, ಅವಸರ ಬ್ಯಾಡ" ಅಂತಾರ ಕಬ್ಬೂರ ಮೇಡಂ.
ಬಿಡತೀನಿ.
ಬ್ಯೂರೆಟ್ಟಿನ ನೀರೂ ತಿಳಿ, ಬೀಕರಿನ ನೀರೂ ತಿಳಿ,
ಮುಟ್ಟಿದ ಕೂಡಲೇ ಬೆಳ್ಳಗ ಒಡೀತಾವ
ಹುಳಿ ಹಿಂಡಿದ ಹಾಲಿನಂಗ.
ಅಮೋನಿಯಾದ ಘಾಟಿಗೆ ಕಣ್ಣಾಗ ನೀರು.
ಅತ್ತದ್ದಲ್ಲ.

ಗದಗಿನ ಸುಣಗಾರ ಓಣಿಯಾಕಿ ನಾನು.
ನಮ್ಮಜ್ಜನ ಭಟ್ಟಿಗೆ ಮೀಟರ್ ಇರಲಿಲ್ಲ.
ಬೆಂದ ಕಲ್ಲಿಗೆ ನೀರು ಚಿಮುಕಿಸಿ ಕಿವಿಗೊಟ್ಟು ನಿಲ್ಲತಿದ್ದ:
ಸೊಂಯ್ ಅಂತ ಅರಳಿದರ ಸುಣ್ಣ,
ಸುಮ್ಮನಿದ್ದರ ಇನ್ನೂ ಕಲ್ಲು.
ಒಂದು ಕಣ್ಣಿಗೆ ಬೆಣ್ಣಿ, ಒಂದು ಕಣ್ಣಿಗೆ ಸುಣ್ಣ
ಅಂತ ಯಾರಾದರೂ ಅಂದರ ಸಿಟ್ಟು ಅವಗ:
"ಸುಣ್ಣ ಏನು ತಪ್ಪು ಮಾಡೇತಿ?"

ಇಲ್ಲಿ ಹುಬ್ಬಳ್ಳಿ ವಿದ್ಯಾನಗರದಾಗ
ಗಾದಿ ಅಂಗಡಿಯ ಸ್ಪಂಜು ಬೆರಳಷ್ಟು ಕತ್ತರಿಸಿ
ಬಿಳಿ ರಾಡಿಯೊಳಗ ಅದ್ದಿ, ಹಿಂಡಿ, ಒಣಗಿಸಿ, ಭಟ್ಟಿಗೆ.
ನಾನೂರಕ್ಕ ಸ್ಪಂಜು ಸುಟ್ಟು ಹೋಗತೈತಿ,
ಅದು ಇದ್ದ ಜಾಗ ಉಳಿತೈತಿ.
ಆಮ್ಯಾಲೆ ಸಾವಿರದ ನೂರು. ಎರಡು ತಾಸು.
ಅದಕ್ಕೂ ಮ್ಯಾಲೆ ಹೋದರ ಗುಣ ಕೆಡತೈತಿ.

ಮೊದಲ ಸಲ ಹಿಂಡಲೇ ಇಲ್ಲ ನಾನು.
ಗಟ್ಟಿ ಇರಲಿ ಅಂತ ತೂತೆಲ್ಲಾ ಮುಚ್ಚಿಬಿಟ್ಟಿದ್ದೆ,
ಗಿಲಾವು ಮಾಡಿದಂಗ.
ಎಲುಬಿನ ಡಾಕ್ಟರು ಬೆಳಕಿಗೆ ಹಿಡಿದು ನಕ್ಕರು:
"ಇದು ಗ್ವಾಡಿ, ತಂಗಿ. ನೆತ್ತರಕ್ಕ ಓಣಿ ಬೇಕು."

ಎರಡನೇ ಸಲ ಒಂಬೈನೂರಕ್ಕ ಕರೆಂಟು ಹೋತು.
ಮುಂಜಾನೆ ಬಾಗಿಲು ತೆಗೆದರ
ಹದಿನಾಲ್ಕಕ್ಕ ಹದಿನಾಲ್ಕೂ, ಮುಟ್ಟಿದರ ಹಿಟ್ಟು.
ಮೇಡಂ ಬೈಯಲಿಲ್ಲ, ಚಹಾ ತರಿಸಿದರು.
ಬೈದಿದ್ದರ ಚಲೋ ಇತ್ತು.

ಮೂರನೇದು ಧಾರವಾಡದ ಕುರಿಯ ಕಾಲೊಳಗ ಹೋತು.
ಹನ್ನೊಂದನೇ ತಿಂಗಳ ಎಕ್ಸ್-ರೇ ಕಿಟಕಿಗೆ ಹಿಡಿದು
ಹುಡುಕಿದೆ. ತಿರುಗಿಸಿ ಹುಡುಕಿದೆ.
ನಮ್ಮದು ಎಲ್ಲಿ ಮುಗಿತೈತಿ
ಕುರಿಯದು ಎಲ್ಲಿ ಸುರುವಾಗತೈತಿ, ಗೆರೆಯೇ ಇಲ್ಲ.
"ಎಲ್ಲಿ ಹೋತ್ರಿ ಮೇಡಂ?"
"ಹೋಗಲಿ ಅಂತನ ಮಾಡಿದ್ದಲ್ಲೇನು?"

ಕಿವಿಗೆ ಒಂಬತ್ತು ನಂಬರಿನ ಬಿಲ್ಲೆ ಆ ಕುರಿಗೆ.
ಹೋಗಿ ನೋಡಿಬಂದೆ. ಮೇಯತಿತ್ತು,
ಯಾವ ಕಾಲು ಅಂತ ಹೇಳಾಕ ಆಗಲಿಲ್ಲ.
ಖುಷಿ ಆತು. ಸ್ವಲ್ಪ ಹೊಟ್ಟಿಕಿಚ್ಚೂ ಆತು,
ಯಾರ ಮ್ಯಾಲೆ ಅಂತ ಗೊತ್ತಿಲ್ಲ.

ಸಂಜೆ ಗದಗಿನ ಬಸ್ಸಿನಾಗ
ಉಗುರಿನ ಸಂದಿಯ ಬಿಳಿ ತೆಗೀತಾ ಕುಂತಿದ್ದೆ.
ಬಾಜೂಕ ಕುಂತ ಮುದುಕಿ
ಎಲಿ ತೊಡಿಮ್ಯಾಲಿಟ್ಟು ತೊಟ್ಟು ಮುರಿದು
ನನ್ನ ಕೈ ನೋಡಿ ಕೇಳಿದಳು:
"ಸುಣ್ಣ ಐತೇನವ್ವಾ, ಒಂಚೂರು?"