ಸಂಪು

ಕನ್ನಾ ಚೌಕದಾಗ ಝೆರಾಕ್ಸ್ ಅಂಗಡಿ ಅಟ್ಟದ ಮ್ಯಾಲ
ಎರಡನೇ ಐತವಾರ ಕೂಡತೀವಿ ನಾವು,
ಸಂಘಗಳ ಸುದ್ದಿ ಬರಿಯೋರ ಸಂಘ.
ಮಂದಿ ನಗತಾರ: ಹೇನಿನ ತಲ್ಯಾಗೂ ಹೇನು.
ನಗಲಿ.

ರಾಜಮಲ್ಲು ಚಿಪ್ಪಾ ತೆಲುಗು ಬರೀತಾನ.
ಮಗ್ಗದ ಸಪ್ಪಳಕ್ಕ ಕಿವಿ ಅರ್ಧ ಹೋಗ್ಯಾವ,
ಬರದದ್ದನ್ನ ಚೀರಿ ಓದತಾನ.
ಸುದಾಮ ಗೇಟಿನ ಹಲಗಿ ಬರಿಯಾಂವ, ಮರಾಠಿ,
ಅಂಗಿ ಕಿಸೆ ತುಂಬ ಸೀಮೆಸುಣ್ಣದ ತುಂಡು.
ಮುನವ್ವರಬಿಗೆ ಬರಿಯಾಕ ಬರೂದಿಲ್ಲ,
ಫೋನಿನಾಗ ಧ್ವನಿ ತುಂಬಿ ಬಿಡತಾಳ,
ನಮ್ಮ ಹಾಳಿ ಮುಟ್ಟದ ಮನಿಗೆ ಅದು ಮುಟ್ಟತೈತಿ.
ನಾನು ಕನ್ನಡ.
ಬೀಡಿ ಸುತ್ತಿ ಕಪ್ಪಾದ ಇದೇ ಹೆಬ್ಬೆರಳಲೆ
ಪ್ರೂಫ್ ಹಿಡೀತೀನಿ.

ಆ ದಿನ ಜಗಳ ಬಿದ್ದದ್ದು ಒಂದು ಶಬ್ದದ ಸಲುವಾಗಿ.
ಸೋಮವಾರದಿಂದ ಬೀಡಿ ಕೆಲಸ ಬಂದ್.
ನಾಲ್ಕು ಭಾಷೆ, ಒಂದ ಹಾಳಿ, ತಲೆಬರಹ ಏನು?
ರಾಜಮಲ್ಲು ಸಮ್ಮೆ ಅಂದ. ಮುನವ್ವರಬಿ ಹಡತಾಲ.
ಸುದಾಮಗ ಸಂಪ.
ನಾನು ಮುಷ್ಕರ ಅಂತ ಬರದಿದ್ದೆ,
ಬರದು, ಅನುಮಾನಲೆ ನೋಡಕೋತ ಕುಂತೆ.
ಸಾಲಿ ಪುಸ್ತಕದ ಶಬ್ದ, ಇಸ್ತ್ರಿ ಹಾಕಿದ್ದು,
ನಮ್ಮ ಓಣ್ಯಾಗ ಯಾರ ಬಾಯಾಗೂ ನೆಂದದ್ದಲ್ಲ.
ಹೋದ ವರ್ಷ ಸಂಪು ಅಂತ ಹಾಕಿದ್ದೆ.
ಭೌರವ್ವ ಕೊಡ ಹಿಡಕೊಂಡು ಕಚೇರಿಗೆ ಬಂದಿದ್ದಳು:
"ನಳ ಬಂದು ಐದು ದಿನ ಆತವ್ವಾ,
ಯಾವ ಸಂಪು ತುಂಬೇತಿ?"

ಆಕೀನ್ನ ಕರಸಿದೆ.
ಮೆಟ್ಟಲಕ್ಕೊಮ್ಮೆ ಕುಂತು, ಬೈಕೋತ ಏರಿ ಬಂದಳು.
"ಎಲಿ ತರಾಕ ಹೋಗಲಿಲ್ಲ, ಸುತ್ತಲಿಲ್ಲ,
ದರ ಏರಸೂತನ ಮುಟ್ಟೂದಿಲ್ಲ. ಅದಕ್ಕ ಏನಂತಿ?"
"ಏನಂತೀನಿ?
ಮರ ಡಬ್ಬ ಹಾಕೇವಿ ಅಂತೀನಿ."

ಫ್ಯಾನ್ ಸಪ್ಪಳ ಅಷ್ಟ.
ಸುದಾಮ ಮೊಣಕಾಲ ಮ್ಯಾಲ ಸುಣ್ಣಲೆ ಬರದು ನೋಡಿದ:
ಸೂಪ, ಉಲಟಾ.
ರಾಜಮಲ್ಲುಗ ಎರಡು ಸಲ ಚೀರಬೇಕಾತು, ಚೇಟ! ಚೇಟ!
ಮುನವ್ವರಬಿ ಆಗಲೇ ಫೋನು ಬಾಯಿಗೆ ಹಿಡದಿದ್ದಳು.

ಸೋಮವಾರ ನೀಲಂ ನಗರದಾಗ ನಡದೆ.
ಹೊಸ್ತಲಕ್ಕೊಂದು ಮರ, ಬೆನ್ನು ಮ್ಯಾಲ ಮಾಡಿ.
ಒಂದರ ಮ್ಯಾಲ ಕೋಳಿ.
ಒಂದರ ಕೆಳಗ, ಎತ್ತಿ ನೋಡಿದೆ,
ಯಾರೋ ಅರ್ಧ ಕಟ್ಟು ಮುಚ್ಚಿಟ್ಟಿದ್ದರು.
ಮತ್ತ ಮುಚ್ಚಿದೆ. ಬರಿಯಲಿಲ್ಲ.

ಮುಂದಿನ ಐತವಾರದ ಠರಾವು ಒಂದು:
ಡಬ್ಬದಾಗ ಒತ್ತು ಬಿಟ್ಟದ್ದಕ್ಕ
ಕನ್ನಡದಾಕಿ ನಾಲ್ಕು ಚಹಾ ಕುಡಿಸತಕ್ಕದ್ದು.
ಐದು ಹೇಳಿದೆ.
ಭೌರವ್ವ ಮೂರನೇ ಮೆಟ್ಟಲ ಮ್ಯಾಲ ಬೈಯ್ಯೂದು ಕೇಳಸತಿತ್ತು.