ಮೂವತ್ತೊಂದನೇ ಜಾಡಿ

ಕಡೂರಿನ ಪಿಯು ಕಾಲೇಜಿನ ಲ್ಯಾಬಿನಲ್ಲಿ
ಇಪ್ಪತ್ತಾರು ವರ್ಷದಿಂದ ಅಟೆಂಡರು ನಾನು.
ಹಾವು, ಚೇಳು, ಲಾಡಿಹುಳ, ಎರಡು ತಲೆಯ ಕರು,
ಎಲ್ಲರ ದೂಳೂ ನನ್ನ ಕೈಗೆ ಗೊತ್ತು.
ಮೂವತ್ತೊಂದನೇ ಜಾಡಿಯಲ್ಲಿ ಫಾರ್ಮಾಲಿನ್ ಇಲ್ಲ,
ಬರೀ ಒಂದು ಹವಳದ ತುಂಡು,
ಒಣಗಿದ ಹೂಕೋಸಿನ ಹಾಗೆ.
ಆಯುಧಪೂಜೆಗೆ ಮೈಕ್ರೋಸ್ಕೋಪಿನ ಜೊತೆ ಅದಕ್ಕೂ ಒಂದು ಬೊಟ್ಟು.
ರಜೆ ಮುಗಿದ ಮೇಲೆ ಸೋಪಿನ ಪುಡಿಯಲ್ಲಿ ಅದ್ದಿ
ಹಳೇ ಹಲ್ಲಿನ ಬ್ರಶ್ಶಿನಲ್ಲಿ ತೂತುತೂತನ್ನೂ ತಿಕ್ಕಿ
ಬಿಸಿಲಿಗೆ ಇಡುತ್ತೇನೆ. ಫಳಫಳ.

"ಎಷ್ಟು ಬೆಳ್ಳಗಿದೆ ನೋಡಿ ಮೇಡಂ" ಅಂದೆ,
ಹೊಸದಾಗಿ ಬಂದ ಜೆಸಿಂತಾ ಮೇಡಂಗೆ.
ಅವರು ತುಂಡನ್ನು ಕಿಟಕಿಗೆ ಹಿಡಿದು ತಿರುಗಿಸಿದರು,
ಡಾಕ್ಟರು ಎಕ್ಸ್‌ರೇ ನೋಡುವ ಹಾಗೆ.
"ಓಂಕಾರಣ್ಣ, ಬಿಳಿ ಇದರ ಬಣ್ಣ ಅಲ್ಲ.
ಇದು ಮೂಳೆ.
ಬಣ್ಣ ಇದ್ದದ್ದು ಬಾಡಿಗೆಗೆ ಇದ್ದವರದ್ದು."

ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಯಂತೆ,
ಹವಳದ ಜೀವದ ಮೈಯೊಳಗೇ ಬಿಡಾರವಂತೆ.
ಗೋಡೆ ಇವಳದು, ಒಲೆ ಅದರದು.
ಹಗಲೆಲ್ಲ ಬಿಸಿಲು ಬೇಯಿಸಿ ಸಕ್ಕರೆ ಮಾಡಿ
ಮುಕ್ಕಾಲು ಪಾಲು ಮನೆಯವಳಿಗೇ ಬಡಿಸುತ್ತದಂತೆ.
ಅವಳು ಬಿಟ್ಟ ಉಸಿರು, ಅವಳ ಬಚ್ಚಲ ನೀರು,
ಅದಕ್ಕೆ ಅದೇ ಗೊಬ್ಬರ.
"ಅಡ್ವಾನ್ಸ್ ಎಷ್ಟು ಮೇಡಂ?" ಕೇಳಿದ ಹಿಂದಿನ ಬೆಂಚಿನವನು.
ಎಲ್ಲ ನಕ್ಕರು. ಬೀಕರು ಒರೆಸುತ್ತ ನಾನೂ.

ಮೇಡಂ ಮುಂದುವರಿಸಿದರು:
ಸಮುದ್ರ ಒಂದು ಡಿಗ್ರಿ ಹೆಚ್ಚು ಕಾದು
ವಾರಗಟ್ಟಲೆ ಕಾದೇ ಇದ್ದರೆ
ಹವಳ ಪಾಚಿಯನ್ನು ಹೊರಗೆ ಉಗುಳುತ್ತದೆ.
ಬೆಳ್ಳಗಾಗುತ್ತದೆ. ಆಗಲೇ ಸತ್ತಿರುವುದಿಲ್ಲ,
ಹಸಿದಿರುತ್ತದೆ.

ಹೋದ ಏಪ್ರಿಲ್. ಬೋರು ಗಾಳಿ ಕೆಮ್ಮುತ್ತಿತ್ತು,
ಟ್ಯಾಂಕರಿಗೆ ಏಳುನೂರು.
ಹಿಂದಿನ ಕೋಣೆಯ ನಾಗವೇಣಿ
ಎರಡು ಕೊಡ ಹೆಚ್ಚಿಗೆ ಹಿಡಿದಳೆಂದು
ಅಂಗಳದಲ್ಲಿ ನಿಂತು ಆಡಬಾರದ್ದು ಆಡಿದೆ.
ಹನ್ನೊಂದು ವರ್ಷ ಇದ್ದವಳು.
ಅವಳ ಹೊಲಿಗೆ ಮೆಷಿನ್ನಿನ ಸದ್ದೇ ನಮ್ಮ ಮಧ್ಯಾಹ್ನ.
ನನ್ನ ಅಂಗಿಯ ಗುಂಡಿ, ನಮ್ಮವಳ ಮಾತುಕತೆ,
ಜ್ವರ ಬಂದ ದಿನದ ಗಂಜಿ,
ಯಾವುದನ್ನೂ ಬರೆದಿಟ್ಟವನಲ್ಲ.
ಡೈರಿಯಲ್ಲಿ ಇದ್ದದ್ದು ಬಾಡಿಗೆ, ಕರೆಂಟು.
ಮೆಷಿನ್ನನ್ನು ಆಟೋದಲ್ಲಿ ಅಡ್ಡ ಮಲಗಿಸಿ
ಬೀರೂರಿನ ಅಕ್ಕನ ಮನೆಗೆ ಹೋದಳು.

ಮಾರನೇ ದಿನವೇ ಕೋಣೆಗೆ ಸುಣ್ಣ ಹೊಡೆಸಿದೆ,
ಎರಡು ಸಲ.
ಬಂದಬಂದವರಿಗೆ ಬಾಗಿಲು ತೆಗೆದು ತೋರಿಸಿದೆ:
ಎಷ್ಟು ಬೆಳ್ಳಗಿದೆ ನೋಡಿ.

ಹವಳದ ಮೂಳೆಯೂ ಸುಣ್ಣವೇ ಅಂತೆ.

ನಮ್ಮವಳು ಈಗ ಮಧ್ಯಾಹ್ನ ರೇಡಿಯೋ ಹಾಕುತ್ತಾಳೆ.
ಕೇಳುವುದಿಲ್ಲ.

ಗಂಟೆ ಹೊಡೆದು ಹುಡುಗರು ಖಾಲಿಯಾದ ಮೇಲೆ ಕೇಳಿದೆ:
"ನೀರು ತಣ್ಣಗಾದರೆ ಮೇಡಂ, ಆ ಪಾಚಿ ವಾಪಸ್ಸು ಬರ್ತದಾ?"
"ಬರಬಹುದು. ಅಷ್ಟರಲ್ಲಿ ಹವಳ ಸಾಯದಿದ್ದರೆ.
ಮೊದಲಿನದೇ ಬರುತ್ತದೆ ಅಂತ ಏನೂ ಇಲ್ಲ."
ಬ್ಯಾಗು ಹೆಗಲಿಗೆ ಹಾಕಿದರು, ಬಸ್ಸಿನ ಹೊತ್ತು.

ಜಾಡಿಯನ್ನು ತೊಳೆಯದೆ ಮೇಲಿಟ್ಟೆ.
ಬೀರೂರು ಏನು ಮಹಾ ದೂರ, ಆರೇಳು ಕಿಲೋಮೀಟರು.
ಬೋರಿನಲ್ಲಿ ಈಗ ನೀರಿದೆ ಎಂದು ಹೇಳಲು
ಅಷ್ಟು ದೂರ ಯಾರು ಹೋಗುತ್ತಾರೆ?
ಅಂಗಿಯ ಮೂರನೇ ಗುಂಡಿ ಸಡಿಲವಾಗಿದೆ.
ಬಸ್‌ಸ್ಟ್ಯಾಂಡಿನ ತನಕ ನಡೆಯುತ್ತ ನಡೆಯುತ್ತ
ಅದನ್ನು ಇನ್ನೊಂದಿಷ್ಟು ಎಳೆದೆ.