ಗೋಡೆ ಬದಲಾಗುವ ವಾರ

ಬಾಗಿಲಿಗೆ ಅಂಟಿಸಿದ ಚೀಟಿಯನ್ನು ನಾನು ಓದಲಿಲ್ಲ;
ಕನ್ನಡಕ ಮನೆಯಲ್ಲಿ, ಬ್ರೆಡ್ಡಿನ ಡಬ್ಬಿಯ ಮೇಲೆ.
ತಿಂಗಳ ಕೊನೆಯ ಬುಧವಾರ, ಪಿಂಚಣಿಯವರಿಗೆ ಪುಕ್ಕಟೆ.
ಈ ಬಂದರಿನೂರಲ್ಲಿ ಇಂಥದ್ದನ್ನು ಯಾರೂ ಮರೆಯುವುದಿಲ್ಲ.

ಬಿರುತಾ ಟಿಕೆಟ್ ಕಿಂಡಿಯಿಂದ ಮೂಗು ಹೊರಹಾಕಿ
"ಔಸ್ಮಾ, ಇವತ್ತು ನೋಡೋಕೆ ಏನೂ ಇಲ್ಲ ಕಣೇ,
ಹಳೆಯದು ಇಳಿಸಿಯಾಯ್ತು, ಹೊಸದು ಇನ್ನೂ ರೀಗಾದ ದಾರಿಯಲ್ಲಿ."
ಹಾಗಾದರೆ ಏನೂ ಇಲ್ಲದ್ದನ್ನೇ ನೋಡಿಕೊಂಡು ಹೋಗ್ತೀನಿ, ಅಂದೆ.
ಹೊರಗೆ ಕಿವಿ ಕೀಳುವ ಕಡಲಗಾಳಿ.
ಒಳಗಿನ ಹೀಟರಿಗೆ ಪ್ರದರ್ಶನ ಮುಗಿದದ್ದು ಗೊತ್ತಿಲ್ಲ.

ಈ ಕೋಣೆಯಲ್ಲಿ ಏನೇನು ಬಂದು ಹೋಗಿಲ್ಲ!
ಬರೀ ನೀಲಿ ಬಳಿದ ಹನ್ನೆರಡು ಹಲಗೆ, ಕಡಲಂತೆ ಅದು.
ನಮ್ಮ ಕಡಲು ವರ್ಷಕ್ಕೆ ಹತ್ತು ದಿನ ನೀಲಿ,
ಮಿಕ್ಕಂತೆ ಪಾತ್ರೆ ತೊಳೆದ ನೀರು.
ಆಮೇಲೆ ಲಿಥುವೇನಿಯದ ಹುಡುಗನೊಬ್ಬ
ಸೂರಿನಿಂದ ಮೀನುಬಲೆ ಇಳಿಬಿಟ್ಟಿದ್ದ;
ಪಕ್ಕದಲ್ಲಿ ನಿಂತ ಮುದುಕ, ಒಂದು ಕೈಗೆ ಮೂರೇ ಬೆರಳು,
"ಈ ಗಂಟಿಗೆ ಹೆರಿಂಗ್ ನಗುತ್ತೆ" ಅಂತ ಗೊಣಗಿ
ಕಾವಲಿನವಳು ಅತ್ತ ತಿರುಗಿದಾಗ
ಒಂದನ್ನು ಬಿಚ್ಚಿ ಸರಿಯಾಗಿ ಕಟ್ಟಿಬಿಟ್ಟ.
ನಾನು ಕಂಡೆ. ಇವತ್ತಿನವರೆಗೂ ಬಾಯಿ ಬಿಟ್ಟಿಲ್ಲ.

ಆದರೆ ಇವತ್ತು ಬಂದದ್ದು ಹಾಗಲ್ಲ, ಒಂದೇ ಒಂದಕ್ಕೆ.
ಹಳೆಯ ಫೋಟೋಗಳ ಸಾಲಿನಲ್ಲಿ, ಎಡದಿಂದ ಐದನೆಯದು:
ಮಂಜು ಹಿಡಿದ ಟ್ರಾಮಿನ ಕಿಟಕಿ,
ಅದರಾಚೆ ಒಂದು ಕೈ, ಸುರುಳಿಯಿಂದ ಟಿಕೆಟ್ ಹರಿಯುತ್ತಿದೆ.
ಮುಖ ಇಲ್ಲ. ಕೆಳಗೆ ಬರೆದಿತ್ತು: ಅಪರಿಚಿತ ನಿರ್ವಾಹಕಿ.
ಬೆರಳು ಕತ್ತರಿಸಿದ ಬೂದು ಗವಸು,
ಹೆಬ್ಬೆರಳ ಬುಡದಲ್ಲಿ ಕಂದು ನೂಲಿನ ತೇಪೆ;
ಬೂದು ನೂಲು ಸಾಲದೆ ಅಮ್ಮ ಹಾಕಿದ್ದು.
ಫೋಟೋ ಕಪ್ಪು ಬಿಳುಪು. ಕಂದು ಅಂತ ನನಗೊಬ್ಬಳಿಗೆ ಗೊತ್ತು.
ಅರುವತ್ತೇಳರ ಚಳಿಗಾಲ, ಮೂರು ಕೊಪೆಕ್ ಟಿಕೆಟ್ಟು,
ನನಗೆ ಹತ್ತೊಂಬತ್ತು.

ಹೋದ ತಿಂಗಳು ಅದರ ಮುಂದೆ ನಿಂತಾಗ
ಬಿರುತಾಳನ್ನು ಕೂಗಬೇಕೆನಿಸಿತ್ತು.
ಶಾಲೆಯ ಮಕ್ಕಳ ದಂಡು ಬಂತು. ಸುಮ್ಮನಾದೆ.
ಮುಂದಿನ ಸಲ ಹೇಳಿದರಾಯ್ತು ಅಂದುಕೊಂಡೆ.

ಏಣಿಯ ಮೇಲೆ ತಾಲಿವಾಲ್ಡಿಸ್, ಬಾಯಲ್ಲಿ ಪೆನ್ಸಿಲು,
ಮೊಳೆ ಕಿತ್ತ ತೂತಿಗೆಲ್ಲ ಪುಟ್ಟಿ ಮೆತ್ತುತ್ತಿದ್ದ.
ಮೂಲೆಯಲ್ಲಿ ಚಕ್ಕೆ ಎದ್ದ ಬಣ್ಣ ತೋರಿಸಿದ:
ಬಿಳಿ, ಬಿಳಿ, ಹಸಿರು, ಬಿಳಿ, ಒಂದು ಹುಚ್ಚು ಕೆಂಪು, ಬಿಳಿ;
ಪದರ ಪದರ, ಈರುಳ್ಳಿಯ ಹಾಗೆ.
"ನಾನು ಸೇರಿದ ಮೇಲೆ ನಲವತ್ತೊಂದು ಸಲ ಬಳಿದಿದ್ದೀನಿ.
ಒಂದೊಂದು ಪ್ರದರ್ಶನಕ್ಕೂ ಈ ಕೋಣೆ
ಕೂದಲೆಳೆಯಷ್ಟು ಚಿಕ್ಕದಾಗುತ್ತೆ, ಗೊತ್ತಾ?"

ಎಡದಿಂದ ಎಣಿಸಿದೆ. ಐದನೆಯ ತೂತು ಇನ್ನೂ ತೆರೆದೇ ಇತ್ತು.
ಕಿರುಬೆರಳ ತುದಿ ಇಟ್ಟು ನೋಡಿದೆ. ತಣ್ಣಗೆ.
ಇದೊಂದನ್ನು ಬಿಟ್ಟುಬಿಡು, ಅಂದೆ.
"ಆಗಲ್ಲಮ್ಮ. ಬರುವವರು ಗೋಡೆ ಹಾಲಿನಂತಿರಬೇಕು ಅಂದಿದ್ದಾರೆ."
ಯಾಕೆ ಅಂತ ಕೇಳಲಿಲ್ಲ ಅವನು.
ಕೇಳಿದ್ದರೆ ಹೇಳುತ್ತಿದ್ದೆನೋ ಏನೋ.
ಅಲಗನ್ನು ಒಮ್ಮೆ ಎಳೆದ, ಅಷ್ಟೆ. ಎಲ್ಲಿತ್ತು ಅಂತ
ಎರಡನೇ ಸಲ ನೋಡುವಷ್ಟರಲ್ಲಿ ನನಗೇ ಗೊತ್ತಾಗಲಿಲ್ಲ.

ಹೊರಡುವಾಗ ಬಿರುತಾ ಟಿಕೆಟ್ ಕೊಡಲು ಹೋಗಿ
"ಇವತ್ತು ಇದು ಲೆಕ್ಕಕ್ಕೆ ಬರುತ್ತೋ ಇಲ್ಲವೋ" ಅಂತ ತಡೆದಳು.
ಕೊಡು, ಅಂದೆ. ಅವಳು ಹರಿಯುವ ಮೊದಲು ನಾನೇ ಹರಿದೆ,
ಗೆರೆಯ ಮೇಲೆ, ನೇರ. ಕೈಗೆ ಮರೆತಿಲ್ಲ.

ಮುಂದಿನ ತಿಂಗಳು ಏನಂತೆ?
ಗೊಂಬೆಗಳಂತೆ, ಗಾಜಿನ ಕಣ್ಣಿನವು.
ಗೊಂಬೆ ಕಂಡರೆ ನನಗಾಗದು.
ಬರುತ್ತೇನೆ. ಕನ್ನಡಕ ತರುತ್ತೇನೆ.